ಮಂಗಳವಾರ ಅರ್ಧ ದಿನ ರಜೆ, ಕಾರಣ ಕೇಳಲ್ಲ

(ಆಡಿಯೊ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಪಾಂಡವಪುರದಲ್ಲಿ ನನ್ನದೊಂದು ಚಿಕ್ಕ ಅಕೌಂಟ್ಸ್ ಆಫೀಸ್ ಇದೆ. ಜಿಎಸ್‌ಟಿ ರಿಟರ್ನ್ಸ್ ಹಾಕೋದು, ಅಂಗಡಿಗಳ ಲೆಕ್ಕ ಬರೆಯೋದು, ಇಷ್ಟೇ ಕೆಲಸ. ನನ್ನನ್ನೂ ಸೇರಿಸಿ ಎಂಟು ಜನ. ಕೆ.ಆರ್.ಪೇಟೆ ಕಡೆಯಿಂದ ಇಬ್ಬರು, ನಾಗಮಂಗಲದಿಂದ ಒಬ್ಬ ದಿನಾ ಬಸ್ಸಲ್ಲಿ ಬಂದು ಹೋಗ್ತಾರೆ. ಇಷ್ಟು ಜನ ಇರೋ ಕಡೆ ಒಬ್ಬರು ಬರಲಿಲ್ಲ ಅಂದ್ರೂ ಎದ್ದು ಕಾಣುತ್ತೆ.

ಕೆಲವು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗಿ ಇದ್ಲು. ಹೆಸರು ಬೇಡ, ಕೆ.ಆರ್.ಪೇಟೆ ತಾಲೂಕು ಅಂತಷ್ಟೇ ಇಟ್ಕೊಳ್ಳಿ. ಅವಳನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಕೆಲಸದಲ್ಲಿ ಚುರುಕು. ಆದ್ರೆ ಎರಡು ತಿಂಗಳಲ್ಲಿ ನಾಲ್ಕು ಸಲ ರಜೆ, ನಾಲ್ಕೂ ಮಂಗಳವಾರ. ಒಂದ್ಸಲ ಹೊಟ್ಟೆ ನೋವು, ಒಂದ್ಸಲ ಅಜ್ಜಿಗೆ ಹುಷಾರಿಲ್ಲ, ಒಂದ್ಸಲ ಬಸ್ಸೇ ಬರಲಿಲ್ಲ. ಅದ್ರಲ್ಲಿ ಒಂದು ಮಂಗಳವಾರ 11ನೇ ತಾರೀಖು ಬೇರೆ. ಜಿಎಸ್‌ಟಿ ಕೆಲಸ ಮಾಡೋರಿಗೆ 11 ಅಂದ್ರೆ ಏನು ಅಂತ ಗೊತ್ತು, ಮಾರಾಟದ ರಿಟರ್ನ್ ಹಾಕೋಕೆ ಕೊನೇ ದಿನ. ಅವತ್ತು ಅವಳ ಪಾಲಿನ ಆರು ಪಾರ್ಟಿಗಳ ಬಿಲ್ ಹಾಗೇ ಬಿದ್ದಿತ್ತು, ನಾನೇ ಕೂತು ರಾತ್ರಿ ಹನ್ನೊಂದಕ್ಕೆ ಮುಗಿಸಿದೆ. ಬುಧವಾರ ಬಂದ್ರೆ ಸಂಬಳ ಲೆಕ್ಕ ಮಾಡಿ ಕಳಿಸಿಬಿಡೋಣ ಅಂತ ತೀರ್ಮಾನ ಮಾಡ್ಕೊಂಡೇ ಮನೆಗೆ ಹೋದೆ.

ಇಲ್ಲಿ ನಾಚಿಕೆ ಆಗೋ ವಿಷಯ ಏನು ಅಂದ್ರೆ, ಅದೇ ಥರ ನನ್ನನ್ನೂ ಒಬ್ಬರು ಕಳಿಸಿದ್ದರು.

ಆಗ ನನಗೆ ಇಪ್ಪತ್ತೊಂಬತ್ತು. ಒಂದು ಫೈನಾನ್ಸ್ ಆಫೀಸಲ್ಲಿ ಕೆಲಸ, ಯಾವುದು ಅಂತ ಹೇಳಲ್ಲ. ನನಗೆ ಹತ್ತು ಕೆಲಸ ಒಟ್ಟಿಗೆ ಹೇಳಿದ್ರೆ ಮೂರು ನೆನಪಿರೋದು. ರಸೀದಿ ಬುಕ್ ಎಲ್ಲಿಟ್ಟೆ ಅಂತ ದಿನಕ್ಕೆ ನಾಲ್ಕು ಸಲ ಹುಡುಕೋದು. ಆದ್ರೆ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಹದಿನೆಂಟು ರೂಪಾಯಿ ತಾಳೆ ಬರ್ತಿಲ್ಲ ಅಂದ್ರೆ ಊಟ ಬಿಟ್ಟು ಮೂರು ಗಂಟೆ ಕೂತು ಹುಡುಕಿ ತೆಗೀತಿದ್ದೆ. ಮ್ಯಾನೇಜರ್‌ಗೆ ಹದಿನೆಂಟು ರೂಪಾಯಿ ಕಾಣ್ತಿರಲಿಲ್ಲ, ರಸೀದಿ ಬುಕ್ ಕಾಣ್ತಿತ್ತು. ಕಸ್ಟಮರ್‌ಗಳ ಎದುರಿಗೇ, "ಗ್ಯಾನ ಎಲ್ಲಿಟ್ಟಿದ್ದೀಯಮ್ಮ?" ಅನ್ನೋರು. ನಮ್ಮ ಕಡೆ ಈ 'ಗ್ಯಾನ' ಅನ್ನೋ ಪದಕ್ಕೆ ಎಷ್ಟು ಅರ್ಥ ನೋಡಿ. ಗಮನ, ನೆನಪು, ಬುದ್ಧಿ, ಎಲ್ಲಾ ಅದೊಂದ್ರಲ್ಲೇ. ಗ್ಯಾನ ಇಲ್ಲ ಅಂದ್ರೆ ಒಂದೇ ಮಾತಲ್ಲಿ ಮನುಷ್ಯರೇ ಇಲ್ಲ ಅಂದಂಗೆ.

ಕೆಲಸ ಹೋಯ್ತು. ಆಮೇಲೆ ಆರು ತಿಂಗಳು ಹಾಸಿಗೆ. ಬೆಳಿಗ್ಗೆ ಎದ್ದು ಹಲ್ಲುಜ್ಜೋದು ಕೂಡ ಬೆಟ್ಟ ಹತ್ತಿದಂಗೆ. ನಮ್ಮಮ್ಮ ನಿಮಿಷಾಂಬ ದೇವಸ್ಥಾನಕ್ಕೆ ಕರ್ಕೊಂಡ್ ಹೋದ್ರು, ತಾಯತ ಕಟ್ಟಿಸಿದ್ರು. ನಾನು ಅದನ್ನ ಹೀಯಾಳಿಸೋಕೆ ಹೇಳ್ತಿಲ್ಲ, ಆ ಆರು ತಿಂಗಳಲ್ಲಿ ನನ್ನನ್ನ ಮನೆಯಿಂದ ಹೊರಗೆ ಕರ್ಕೊಂಡ್ ಹೋದೋರು ಅವರೊಬ್ಬರೇ. ಕೊನೆಗೆ ಮೈಸೂರಲ್ಲಿ ಒಬ್ಬರು ಡಾಕ್ಟರನ್ನ ನೋಡಿದ್ವಿ. ಮೊದಲು ಖಿನ್ನತೆ ಅಂದ್ರು. ಮಾತ್ರೆ ಶುರುವಾಗಿ ಸುಮಾರು ತಿಂಗಳಾದ ಮೇಲೆ ಮನಸ್ಸು ತಿಳಿಯಾಯ್ತು, ಮರೆವು ಮಾತ್ರ ಹಾಗೇ ಇತ್ತು. ಆಗ ಅವರು ನನ್ನ ಶಾಲೆ ದಿನಗಳ ಬಗ್ಗೆ ಕೇಳೋಕೆ ಶುರು ಮಾಡಿದ್ರು. ಮಾರ್ಕ್ಸ್ ಕಾರ್ಡ್ ತರಿಸಿದ್ರು, ಅಮ್ಮನ್ನ ಬೇರೆ ಕೂರಿಸಿ ಮಾತಾಡಿದ್ರು. ಎರಡನೇ ಹೆಸರು ಆಗ ಬಂತು: ಎಡಿಎಚ್‌ಡಿ.

ಇವೆರಡನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಡಿಎಚ್‌ಡಿ ಚಿಕ್ಕಂದಿನಿಂದ ಬರೋದು. ಹನ್ನೆರಡು ವರ್ಷದ ಒಳಗೇ ಅದರ ಲಕ್ಷಣ ಇತ್ತಾ ಅಂತ ಡಾಕ್ಟರು ನೋಡ್ತಾರೆ, ಶಾಲೆ ಬಗ್ಗೆ ಕೇಳೋದು ಅದಕ್ಕೇ. ಬೆಂಚಿಂದ ಬೆಂಚಿಗೆ ಹಾರೋ ಹುಡುಗರನ್ನ ಮೇಷ್ಟ್ರು ಗುರುತು ಹಿಡೀತಾರೆ. ಸುಮ್ಮನೆ ಕಿಟಕಿ ಕಡೆ ನೋಡ್ತಾ ಕೂತ ಹುಡುಗಿಯನ್ನ ಯಾರೂ ಹಿಡಿಯಲ್ಲ. ಗಮನ ಇಲ್ಲ ಅನ್ನೋದಕ್ಕಿಂತ ಗಮನಕ್ಕೆ ಲಗಾಮು ಇಲ್ಲ ಅನ್ನಿ, ಬೇಡದ ಕಡೆ ಗಂಟೆಗಟ್ಟಲೆ ನಿಲ್ಲುತ್ತೆ, ಬೇಕಾದ ಕಡೆ ಐದು ನಿಮಿಷ ನಿಲ್ಲಲ್ಲ. ಖಿನ್ನತೆ ಹಾಗಲ್ಲ, ಅದು ಬದುಕಿನ ನಡುವೆ ಬಂದು ಕೂರೋದು. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಮ್ಮಿ ದಿನಾ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ತಪ್ಪೆಲ್ಲ ನನ್ನದೇ ಅನ್ಸುತ್ತೆ. ಖಿನ್ನತೆಯಲ್ಲೂ ಗಮನ ಚದುರುತ್ತೆ, ಮರೆವು ಬರುತ್ತೆ. ಎಡಿಎಚ್‌ಡಿ ಇರೋರಿಗೆ, ಬೈಸಿಕೊಂಡು ಬೈಸಿಕೊಂಡು, ಖಿನ್ನತೆ ಬರೋದೂ ಹೆಚ್ಚು. ಹಾಗಾಗಿ ರೀಲ್ಸ್ ನೋಡಿ ನೀವೇ ನಿಮಗೆ ಹೆಸರಿಟ್ಟುಕೊಳ್ಳಬೇಡಿ. ಪಕ್ಕದ ಟೇಬಲ್ಲಿನವರಿಗಂತೂ ಇಡಲೇಬೇಡಿ.

ಎಷ್ಟು ಜನಕ್ಕೆ ಇದೆ ಅಂದ್ರೆ, ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. ಹನ್ನೆರಡು ರಾಜ್ಯಗಳಲ್ಲಿ, ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ರೂ ಲೆಕ್ಕ ನಮಗೂ ಹತ್ತಿರ. ದೊಡ್ಡವರಲ್ಲಿ 20ಕ್ಕೆ ಒಬ್ಬರು ಬದುಕಿನ ಯಾವುದೋ ಒಂದು ಹೊತ್ತಲ್ಲಿ ಖಿನ್ನತೆ ಅನುಭವಿಸಿದ್ದಾರೆ. ಖಿನ್ನತೆ ಇರೋರಲ್ಲಿ ನೂರಕ್ಕೆ 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ದೊಡ್ಡವರಲ್ಲಿ ಎಡಿಎಚ್‌ಡಿ ನೂರಕ್ಕೆ ಎರಡು-ಮೂರು ಜನಕ್ಕೆ ಅಂತ ಜಗತ್ತಿನ ಅಧ್ಯಯನಗಳು ಹೇಳ್ತವೆ. ಇನ್ನೂರು ಜನರ ಗಾರ್ಮೆಂಟ್ಸ್ ಘಟಕ ಅಂದ್ಕೊಳ್ಳಿ, ಎಷ್ಟು ಜನ ಆಗ್ತಾರೆ ನೀವೇ ಗುಣಿಸಿ.

ಸರಿ, ಆ ಬುಧವಾರಕ್ಕೆ ಬರ್ತೀನಿ. ಹುಡುಗಿ ಬಂದ್ಲು. ಬಾಗಿಲು ಹಾಕ್ಕೊಂಡು "ಏನಮ್ಮಾ ನಿಂದು ಮಂಗಳವಾರ?" ಅಂತ ಕೇಳಿದೆ. ಗಟ್ಟಿಯಾಗೇ ಕೇಳಿದೆ, ಸುಳ್ಳು ಹೇಳಲ್ಲ. ಅವಳು ಬ್ಯಾಗಿಂದ ಒಂದು ಮಡಚಿದ ಚೀಟಿ ತೆಗೆದು ಟೇಬಲ್ ಮೇಲಿಟ್ಲು. ಸರ್ಕಾರಿ ಆಸ್ಪತ್ರೆಯ ಓಪಿಡಿ ಚೀಟಿ, ಶ್ರೀರಂಗಪಟ್ಟಣದ್ದು.

ನಮ್ಮ ರಾಜ್ಯದಲ್ಲಿ 2014ರಿಂದ 'ಮನೋಚೈತನ್ಯ' ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರದ ದಿನ ಮಾನಸಿಕ ರೋಗ ತಜ್ಞರು ತಾಲೂಕು ಆಸ್ಪತ್ರೆಗೆ ಬಂದು ನೋಡ್ತಾರೆ. ಒಳ್ಳೆ ಯೋಜನೆ, ಮೈಸೂರು, ಬೆಂಗಳೂರು ಅಂತ ಅಲೆಯೋದು ತಪ್ಪುತ್ತೆ. ಆದ್ರೆ ಮಂಗಳವಾರ ಕೆಲಸದ ದಿನ. ಜೊತೆಗೆ ತಾಲೂಕು ಆಸ್ಪತ್ರೆಯ ಸಾಲಲ್ಲಿ ನಿಂತ್ರೆ ಹಿಂದೆ ನಿಂತಿರೋರು ಚಿಕ್ಕಮ್ಮನ ಮನೆ ಪಕ್ಕದೋರು. ಕೆ.ಆರ್.ಪೇಟೆಯಲ್ಲಿ ತೋರಿಸಿದ್ರೆ ಊರೋರು ನೋಡ್ತಾರೆ, ಪಾಂಡವಪುರದಲ್ಲಿ ತೋರಿಸಿದ್ರೆ ಆಫೀಸಿನೋರು ನೋಡ್ತಾರೆ. ಅದಕ್ಕೆ ಆ ಹುಡುಗಿ ಎರಡನ್ನೂ ದಾಟಿ ಶ್ರೀರಂಗಪಟ್ಟಣಕ್ಕೆ ಹೋಗ್ತಿದ್ಲು. ಬೆಳಿಗ್ಗೆ ಹೊರಟ್ರೆ ಮನೆ ಸೇರೋದು ಸಂಜೆ. ಅರ್ಧ ದಿನದಲ್ಲಿ ಮುಗಿಯೋ ಕೆಲಸಕ್ಕೆ ಇಡೀ ದಿನ ರಜೆ, ಒಂದು ಸುಳ್ಳು, ಮೂರು ಬಸ್ಸು.

"ನನಗೆ ಯಾಕೆ ಹೇಳಲಿಲ್ಲ?" ಅಂದೆ. "ನೀವು ನಮ್ಮಪ್ಪಂಗೆ ಫೋನ್ ಮಾಡ್ತೀರಾ ಅಂತ" ಅಂದ್ಲು.

ಮಾಡ್ತಿದ್ದೆ ಕೂಡ. ಒಳ್ಳೇದಕ್ಕೇ ಮಾಡ್ತಿದ್ದೆ.

ಇದು ನಮ್ಮ ಕಡೆಯ ಸಮಸ್ಯೆಯ ಬೇರು ಅಂತ ನನಗೆ ಅನ್ಸೋದು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಎಚ್‌ಆರ್ ಇರ್ತಾರೆ, ಕೌನ್ಸೆಲಿಂಗ್ ನಂಬರ್ ಇರುತ್ತೆ, ಮಾನಸಿಕ ಆರೋಗ್ಯ ದಿನಕ್ಕೆ ಹಸಿರು ರಿಬ್ಬನ್ ಹಂಚ್ತಾರೆ. ಅಲ್ಲಿ ಎಷ್ಟು ನಿಜ, ಎಷ್ಟು ತೋರಿಕೆ ಅನ್ನೋದು ಬೇರೆ ಮಾತು. ನಮ್ಮಲ್ಲಿ ಮಾಲೀಕರು ಅಂದ್ರೆ ಅಣ್ಣ, ಮೇಡಂ, ಸಾವ್ಕಾರ್ರು. ಕೆಲಸಕ್ಕೆ ಸೇರಿಸಿದ್ದೇ ಪರಿಚಯದ ಮೇಲೆ. ಅಪ್ಪ ಗೊತ್ತು, ಜಾತಿ ಗೊತ್ತು, ಮದುವೆಗೆ ಗಂಡು ನೋಡ್ತಿರೋದೂ ಗೊತ್ತು. ಈ ಹತ್ತಿರತನ ಜ್ವರ ಬಂದ್ರೆ, ಆಕ್ಸಿಡೆಂಟ್ ಆದ್ರೆ ತುಂಬಾ ಒಳ್ಳೇದು, ಮಾಲೀಕರೇ ಕಾರಲ್ಲಿ ಹಾಕ್ಕೊಂಡು ಮೈಸೂರಿಗೆ ಓಡ್ತಾರೆ. ಮನಸ್ಸಿನ ಕಾಯಿಲೆಗೆ ಇದೇ ಹತ್ತಿರತನ ಮುಳ್ಳು. ಮಾಲೀಕರಿಗೆ ಗೊತ್ತಾದ್ರೆ ಸಂಜೆ ಒಳಗೆ ಮನೆಗೆ ಗೊತ್ತು, ವಾರದೊಳಗೆ ಗಂಡಿನ ಕಡೆಯೋರಿಗೆ ಗೊತ್ತು. ಹಾಗಾಗಿ ನಮ್ಮಂಥ ಊರಿನ ಮಾಲೀಕರು ಮಾಡಬಹುದಾದ ಮೊದಲನೇ ಸಹಾಯ, ಬಾಯಿ ಮುಚ್ಕೊಂಡು ಇರೋದು. ಗೊತ್ತಾದದ್ದನ್ನ ಹೆಂಡತಿಗೂ ಹೇಳಬಾರದು, ಗಂಡನಿಗೂ ಹೇಳಬಾರದು. ಅವರಾಗೇ ಕೇಳದೆ ಮನೆಗೆ ಫೋನ್ ಬೇಡ. ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ, ಆಮೇಲೆ ಹೇಳ್ತೀನಿ.

ಆಮೇಲೆ ನಮ್ಮ ಆಫೀಸಲ್ಲಿ ಏನು ಬದಲಾಯ್ತು? ದೊಡ್ಡದೇನೂ ಇಲ್ಲ. ಎಲ್ಲರಿಗೂ ತಿಂಗಳಿಗೆ ಎರಡು ಅರ್ಧ ದಿನ ಬಿಡುವು, ಯಾವ ದಿನ ಬೇಕಾದ್ರೂ, ಕಾರಣ ಕೇಳಲ್ಲ. 'ಎಲ್ಲರಿಗೂ' ಅನ್ನೋದೇ ಇಲ್ಲಿ ಮುಖ್ಯ. ಅವಳೊಬ್ಬಳಿಗೇ ಕೊಟ್ಟಿದ್ರೆ ಎರಡನೇ ವಾರಕ್ಕೇ ಎಲ್ಲರೂ ಊಹೆ ಮಾಡೋರು. ಒಬ್ಬ ಹುಡುಗ ಅದನ್ನ ಕ್ರಿಕೆಟ್‌ಗೆ ಬಳಸಿಕೊಂಡ, ಬಳಸಿಕೊಳ್ಳಲಿ. ಅವನ ಕ್ರಿಕೆಟ್ ಮರೆಯಲ್ಲೇ ಇವಳ ಆಸ್ಪತ್ರೆ ನಡೀತಿತ್ತು.

ಕೊನೇ ತಾರೀಖು 11 ಇದ್ರೆ ನಮ್ಮ ಆಫೀಸಿಗೆ ಅದು 8. 20ಕ್ಕೆ ತೆರಿಗೆ ಕಟ್ಟೋ ರಿಟರ್ನ್ ಇದ್ರೆ ನಮಗೆ 17. ಇದು ಮೊದಲು ನನಗೋಸ್ಕರವೇ ಮಾಡಿದ್ದು, ಯಾಕಂದ್ರೆ ನನ್ನ ತಲೆಗೆ 'ನಾಳೆ' ಅನ್ನೋದು ಬಂದು ಮೂಗಿಗೆ ತಾಗೋ ತನಕ ಕಾಣಲ್ಲ. ಇನ್ನೊಂದು, ಕೆಲಸವನ್ನ ಕೂಗಿ ಹೇಳೋದು ಬಿಟ್ಟೆ. ವಾಟ್ಸಾಪಲ್ಲಿ ಒಂದೊಂದೇ ಬರೆದು ಕಳಿಸ್ತೀನಿ, ಒಂದು ಮುಗಿದ ಮೇಲೆ ಇನ್ನೊಂದು. ಬರೆದದ್ದು ಮರೆಯಲ್ಲ, ಮರೆತ್ರೂ ಮತ್ತೆ ನೋಡ್ಕೋಬಹುದು, ಮತ್ತೆ ಬಂದು ಕೇಳೋ ಅವಮಾನ ಇಲ್ಲ. ತಪ್ಪಾದ್ರೆ ಒಳಗೆ ಕರೆದು ಹೇಳೋದು, ಪಾರ್ಟಿಗಳ ಎದುರಿಗೆ ಯಾವತ್ತೂ ಇಲ್ಲ.

ಮಾತ್ರೆ ಶುರು ಮಾಡಿದ ಮೊದಲ ವಾರಗಳು ಕಷ್ಟದವು, ಇದು ಮಾಲೀಕರಿಗೆ ಗೊತ್ತಿರಬೇಕು. ಖಿನ್ನತೆಯ ಮಾತ್ರೆಗಳ ಗುಣ ಕಾಣೋಕೆ ಕೆಲವು ವಾರ ಬೇಕು, ತೊಂದರೆ ಮಾತ್ರ ಮೊದಲ ದಿನವೇ ಬರಬಹುದು. ಕೆಲವರಿಗೆ ಬೆಳಿಗ್ಗೆ ಮಂಪರು, ಕೆಲವರಿಗೆ ವಾಕರಿಕೆ. ಆ ಹೊತ್ತಲ್ಲಿ ಒಂಬತ್ತೂವರೆ ಬದಲು ಹತ್ತೂವರೆಗೆ ಬಂದ್ರೆ ಏನು ಮುಳುಗಿ ಹೋಗುತ್ತೆ? ಎಷ್ಟೋ ಜನ ಈ ವಾರಗಳಲ್ಲೇ ಮಾತ್ರೆ ಬಿಡ್ತಾರೆ, "ಕೆಲಸಕ್ಕೆ ತೊಂದರೆ ಆಗ್ತಿದೆ" ಅಂತ.

ನಾನು ಎಡವಿದ್ದೂ ಇದೆ. ದಿನಾ ಬೆಳಿಗ್ಗೆ "ಹೇಗಿದ್ದೀಯಮ್ಮಾ?" ಅಂತ ಕೇಳೋಕೆ ಶುರು ಮಾಡಿದ್ದೆ, ಮುಖ ನೋಡ್ತಾ. ಎರಡು ವಾರ ಆದ ಮೇಲೆ ಅವಳೇ ಹೇಳಿದ್ಲು, "ಮೇಡಂ, ದಿನಾ ಪರೀಕ್ಷೆ ಬರೆದಂಗೆ ಆಗ್ತಿದೆ." ನಿಲ್ಲಿಸಿದೆ. ಪಾಪ ಅಂತ ಅವಳ ಆರು ಪಾರ್ಟಿಗಳನ್ನ ಎರಡಕ್ಕೆ ಇಳಿಸಿದ್ದೆ, ಕೇಳದೇನೇ. ಅದು ಇನ್ನೂ ದೊಡ್ಡ ತಪ್ಪು. ನನ್ನ ಕೈಲಿ ಏನೂ ಆಗಲ್ಲ ಅಂತ ಮೊದಲೇ ಕೊರಗ್ತಿರೋಳಿಗೆ, ಹೌದು ನಿನ್ನ ಕೈಲಿ ಆಗಲ್ಲ ಅಂತ ಮೊಹರು ಒತ್ತಿದಂಗೆ. ಆಮೇಲೆ ಕೂರಿಸಿ ಕೇಳಿದೆ, ಎಷ್ಟು ಮಾಡ್ತೀಯ ಅಂತ. "ಆರು ಕೊಡಿ, ಫೋನ್ ಮಾತ್ರ ನನಗೆ ಬೇಡ" ಅಂದ್ಲು. ಪಾರ್ಟಿಗಳ ಫೋನ್ ಎತ್ತೋದು ಅವಳಿಗೆ ಹಿಂಸೆ, ನನಗೆ ಅದು ತಲೆಗೆ ಬಂದೇ ಇರಲಿಲ್ಲ. ನಾಗಮಂಗಲದ ಹುಡುಗನಿಗೆ ಒಂದು ಕಡೆ ಕೂರೋಕೆ ಆಗಲ್ಲ, ಫೋನ್ ಹಿಡ್ಕೊಂಡು ಆಫೀಸ್ ತುಂಬಾ ಓಡಾಡ್ತಾನೆ. ಅವನಿಗೆ ಫೋನು, ಇವಳಿಗೆ ಲೆಕ್ಕ. ಅವನಿಗೆ ಏನಾದ್ರೂ ಹೆಸರಿದೆಯಾ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ.

ಖರ್ಚು ಎಷ್ಟಾಯ್ತು ಅಂತ ಕೇಳ್ತೀರಾ? ಒಂದು ರಿಟರ್ನ್ ನಾಲ್ಕು ದಿನ ತಡ ಆಯ್ತು, ದಿನಕ್ಕೆ ಐವತ್ತರಂತೆ ಇನ್ನೂರು ರೂಪಾಯಿ ಲೇಟ್ ಫೀ ಮತ್ತೆ ಸ್ವಲ್ಪ ಬಡ್ಡಿ ನನ್ನ ಕೈಯಿಂದ ಕಟ್ಟಿದೆ. ಹೊಸಬರನ್ನ ತಗೊಂಡು ಕೆಲಸ ಕಲಿಸೋಕೆ ನನಗೆ ಮೂರು ತಿಂಗಳು ಬೇಕು.

ಎಲ್ಲಾ ಮಾಲೀಕರಿಗೂ ಇದು ಇಷ್ಟೇ ಸುಲಭ ಅಂತ ನಾನು ಹೇಳಲ್ಲ. ಗಾರ್ಮೆಂಟ್ಸ್ ಲೈನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಒಬ್ಬರು ನಿಂತ್ರೆ ಹಿಂದಿನೋರು ನಿಲ್ತಾರೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯೋ ಸೀಸನ್ ಬಂತು ಅಂದ್ರೆ ರಾತ್ರಿ ಪಾಳಿ ಇದ್ದದ್ದೇ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆದ ಮೇಲೆ ಶ್ರೀರಂಗಪಟ್ಟಣದ ಹಳೇ ರಸ್ತೆಯ ಹೋಟೆಲ್‌ನೋರಿಗೆ ವ್ಯಾಪಾರವೇ ಇಳಿದಿದೆ, ಅಲ್ಲಿ ಮಾಲೀಕರಿಗೇ ನಿದ್ದೆ ಇಲ್ಲ. ಆದ್ರೂ ಪಾಳಿ ಬದಲಾಯಿಸೋಕೆ ಆಗುತ್ತೆ. ಖಿನ್ನತೆ ಇರೋರಿಗೆ ನಿದ್ದೆ ಅಂದ್ರೆ ಅರ್ಧ ಔಷಧಿ, ಕೆಲವು ತಿಂಗಳು ಹಗಲು ಪಾಳಿಯಲ್ಲೇ ಇಡಿ. ಲೈನಲ್ಲಿ ಕೂಗೋ ಸೂಪರ್‌ವೈಸರ್‌ಗೆ ಕೂಗಬೇಡಪ್ಪಾ ಅನ್ನೋಕೆ ದುಡ್ಡು ಖರ್ಚಾಗಲ್ಲ.

ಇಎಸ್‌ಐ ಕಟ್ ಆಗ್ತಿರೋರು ಇದನ್ನ ಕೇಳಿಸ್ಕೊಳ್ಳಿ. ಇಎಸ್‌ಐ ಡಾಕ್ಟರು ಬರೆದುಕೊಟ್ರೆ ವರ್ಷಕ್ಕೆ 91 ದಿನದ ತನಕ ಕಾಯಿಲೆ ರಜೆಗೆ ಸಂಬಳದ ನೂರಕ್ಕೆ 70 ಭಾಗ ಸಿಗುತ್ತೆ, ವಂತಿಗೆ ಕಟ್ಟಿದ ದಿನಗಳ ಷರತ್ತು ಇದೆ. ಕಾಯಿಲೆ ಅಂದ್ರೆ ಮೈಯದ್ದು ಮಾತ್ರ ಅಂತ ಅಂದ್ಕೋಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನೂ ಮೈಯ ಕಾಯಿಲೆ ಥರವೇ ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆ ಇದೆ, ಎಡಿಎಚ್‌ಡಿ ಹೆಸರು ಇಲ್ಲ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಕಾಯಿದೆ ಇಟ್ಕೊಂಡು ಒಂದು ತೀರ್ಪು ಕೊಡ್ತು. ಸಿಆರ್‌ಪಿಎಫ್‌ನ ಒಬ್ಬ ಅಧಿಕಾರಿ, ಗೀಳು ಕಾಯಿಲೆ ಮತ್ತೆ ಖಿನ್ನತೆ ಇದ್ದೋರು, ಅವರ ಮೇಲೆ ಇಲಾಖೆ ಶಿಸ್ತು ಕ್ರಮ ಶುರು ಮಾಡಿತ್ತು. ಕಾಯಿಲೆಯನ್ನ ಲೆಕ್ಕಕ್ಕೆ ತಗೊಳ್ಳದೆ ಹಾಗೆ ಮಾಡೋದು ತಾರತಮ್ಯ ಅಂತ ಕೋರ್ಟ್ ಆ ಕ್ರಮವನ್ನೇ ರದ್ದು ಮಾಡ್ತು. ಎಂಟು ಜನದ ಆಫೀಸಿನ ಹುಡುಗಿ ಸುಪ್ರೀಂ ಕೋರ್ಟಿಗೆ ಹೋಗಲ್ಲ ಅನ್ನೋದು ನನಗೂ ಗೊತ್ತು. ಆದ್ರೆ ಮಾಲೀಕರ ಸಂಘದಲ್ಲಿ ಯಾರಾದ್ರೂ "ಇದೆಲ್ಲಾ ನಾಟಕ" ಅಂದಾಗ ಇಟ್ಕೊಳ್ಳೋಕೆ ಒಂದು ಮಾತು ಬೇಕಲ್ವಾ.

ಕೆಲಸ ಮಾಡ್ತಿರೋ ನಿಮಗೂ ಒಂದು ಮಾತು. ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ. ಮಾಲೀಕರು ಎಂಥೋರು ಅಂತ ನಿಮಗೆ ಗೊತ್ತಿರುತ್ತೆ. ನಂಬಿಕೆ ಇಲ್ಲದ ಕಡೆ, "ಸಾರ್, ನನಗೊಂದು ಟ್ರೀಟ್‌ಮೆಂಟ್ ನಡೀತಿದೆ, ಎರಡು ವಾರಕ್ಕೊಮ್ಮೆ ಮಂಗಳವಾರ ಬೆಳಿಗ್ಗೆ ಬಿಡಿ, ಶನಿವಾರ ಕೂತು ಮುಗಿಸಿಕೊಡ್ತೀನಿ" ಅನ್ನಿ. "ಕೆಲಸ ಬರೆದುಕೊಟ್ರೆ ನನಗೆ ತಪ್ಪಾಗಲ್ಲ ಸಾರ್" ಅನ್ನಿ. ಏನು ಬೇಕು ಅಂತ ಕೇಳಿ, ಯಾಕೆ ಅನ್ನೋದು ನಿಮ್ಮ ಹತ್ತಿರವೇ ಇರಲಿ. ಮಂಗಳವಾರದ ವ್ಯವಸ್ಥೆ ನಿಮ್ಮ ತಾಲೂಕಲ್ಲಿ ಈಗ ಹೇಗಿದೆ ಅಂತ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ನಾಗಮಂಗಲದೋರಿಗೆ ಬೆಳ್ಳೂರಿನ ಹತ್ತಿರ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ. ದೊಡ್ಡ ಆಸ್ಪತ್ರೆಯ ಜನಜಂಗುಳಿಯಲ್ಲಿ ಗುರುತು ಹಿಡಿಯೋರು ಕಮ್ಮಿ, ಅದೂ ಒಂದು ಅನುಕೂಲವೇ.

ವಿನಾಯಿತಿ ಹೇಳ್ತೀನಿ ಅಂದಿದ್ದೆ. ಯಾರಾದ್ರೂ "ನಾನು ಇದ್ದೇನು ಪ್ರಯೋಜನ" ಅಂತ ಮಾತಾಡೋಕೆ ಶುರು ಮಾಡಿದ್ರೆ, ಬಾಕಿ ಸಾಲ ತೀರಿಸಿ, ಇರೋ ಸಾಮಾನು ಹಂಚಿ ವಿದಾಯ ಹೇಳೋ ಥರ ನಡ್ಕೊಂಡ್ರೆ, ಆಗ ಗುಟ್ಟು ಮುಖ್ಯ ಅಲ್ಲ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂತಲ್ಲ, ಬೆಲೆ, ಬಾಕಿ, ಸಾಲ ಎಲ್ಲಾ ಚರ್ಚೆ ಆಯ್ತು, ಆಗಲೇಬೇಕಿತ್ತು. ಅವರ ಮನಸ್ಸಿನ ಸ್ಥಿತಿ ಏನಿತ್ತು ಅಂತ ಕೇಳಿದೋರು ಕಮ್ಮಿ. ಅಂಥ ಮಾತು ಕಿವಿಗೆ ಬಿದ್ರೆ ನೇರವಾಗಿ ಕೇಳಿ, ಸಾಯೋ ಯೋಚನೆ ಬರ್ತಿದೆಯಾ ಅಂತ. ಕೇಳಿದ್ರೆ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಡಬೇಡಿ, ಅವರು ನಂಬೋ ಒಬ್ಬರನ್ನ ಕರೆಸಿ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಟೆಲಿ ಮನಸ್ ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಫೋನಲ್ಲಿ ಮಾತಾಡೋಕೆ ಯಾವ ಸಾಲಲ್ಲೂ ನಿಲ್ಲಬೇಕಾಗಿಲ್ಲ.

ಆ ಹುಡುಗಿ ಈಗ ನಮ್ಮಲ್ಲಿ ಇಲ್ಲ. ಎರಡು ವರ್ಷ ಇದ್ದು ಮೈಸೂರಿನ ಒಂದು ಆಡಿಟರ್ ಆಫೀಸಿಗೆ ಹೋದ್ಲು, ಸಂಬಳ ನನಗಿಂತ ಚೆನ್ನಾಗಿ ಕೊಡ್ತಾರೆ, ನಾನೇನು ಹೇಳಲಿ. ಅವಳ ಜಾಗಕ್ಕೆ ಬಂದ ಹುಡುಗ ಎರಡನೇ ತಿಂಗಳಲ್ಲಿ ಹಾಜರಿ ಪುಸ್ತಕ ಹಿಡ್ಕೊಂಡು ನನ್ನ ಟೇಬಲ್ ಹತ್ರ ನಿಂತಿದ್ದ. "ಮೇಡಂ, ಆ ಅರ್ಧ ದಿನ... ಮಂಗಳವಾರ ತಗೋಬಹುದಾ?"

ತಗೊಳ್ಳಪ್ಪಾ ಅಂದೆ.